ಸೀಬೆಯೋ ಸೇಬೋ? ಪದೇ ಪದೇ ಕೇಳುವ ಪ್ರಶ್ನೆಗಳು

ಊಟ-ತಿಂಡಿಯ ಬಗ್ಗೆ ಮಾತಾಡಲು ಎಲ್ಲಿಗೆ ಹೋದರೂ, ತಾಯಂದಿರ ಸಭೆಯಾಗಲಿ, ಶಾಲೆಯಾಗಲಿ, ಹಣ್ಣಿನ ವಿಷಯ ಬಂದ ಕೂಡಲೇ ಮಾತು ಸೇಬು, ಸೀಬೆ ಈ ಎರಡರ ಹತ್ತಿರ ಬಂದು ನಿಲ್ಲುತ್ತದೆ. ಒಂದು ದೂರದ ಬೆಟ್ಟದಿಂದ ಲಾರಿ ಹತ್ತಿ ಬರುವುದು. ಇನ್ನೊಂದು ಹಿತ್ತಲಲ್ಲೇ ಬಿಡುವುದು. ಜನ ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನೇ ಇಲ್ಲಿ ಒಟ್ಟು ಮಾಡಿದ್ದೇನೆ. ಅಂಕಿಗಳೆಲ್ಲ 100 ಗ್ರಾಂ ಹಣ್ಣಿಗೆ. ತಳಿ, ಮಣ್ಣು, ಹಣ್ಣಾದ ಹದ ನೋಡಿಕೊಂಡು ಅವು ಸ್ವಲ್ಪ ಆಚೀಚೆ ಆಗುತ್ತವೆ.

ಸೀಬೆ ಅಂದರೆ ಯಾವ ಹಣ್ಣು? ನಮ್ಮ ಕಡೆ ಈ ಹೆಸರೇ ಇಲ್ಲ.

ಹಳೇ ಮೈಸೂರಿನವರಿಗೆ ಸೀಬೆ. ಬೆಂಗಳೂರು, ಕೋಲಾರದ ಕಡೆ ಚೇಪೆಕಾಯಿ ಅಂತಲೂ ಅನ್ನುತ್ತಾರೆ. ಮಲೆನಾಡಿನಲ್ಲಿ ಪೇರಲೆ, ಕರಾವಳಿಯಲ್ಲಿ ಪೇರಳೆ, ಹುಬ್ಬಳ್ಳಿ-ಧಾರವಾಡದ ಕಡೆ ಪೇರಲ. ಎಲ್ಲ ಒಂದೇ ಹಣ್ಣು. ಪೇರಲೆ ಅನ್ನುವ ಹೆಸರಿಗೆ ಮೂಲ ಪೋರ್ಚುಗೀಸರ 'ಪೆರಾ'. ಅವರ ಭಾಷೆಯಲ್ಲಿ ಅದು ಮರಸೇಬಿನ, ಅಂದರೆ ಪೇರ್ ಹಣ್ಣಿನ ಹೆಸರು. ಈ ಗಿಡದ ತವರು ಅಮೆರಿಕ ಖಂಡದ ಬಿಸಿ ನಾಡುಗಳು. ಪೋರ್ಚುಗೀಸರ ಕಾಲದಲ್ಲಿ ನಮ್ಮಲ್ಲಿಗೆ ಬಂದು, ಇಲ್ಲಿಯದೇ ಅನ್ನಿಸುವಷ್ಟು ಹೊಂದಿಕೊಂಡಿತು.

ಸುತ್ತಿ ಬಳಸಿ ಹೇಳಬೇಡಿ. ಯಾವುದರಲ್ಲಿ ಸತ್ವ ಜಾಸ್ತಿ?

ಸೀಬೆಯಲ್ಲಿ. ಅದೂ ಅಲ್ಪಸ್ವಲ್ಪ ಅಲ್ಲ. ಸಿಪ್ಪೆ ಸಮೇತ ತಿಂದ 100 ಗ್ರಾಂ ಸೇಬಿನಲ್ಲಿ ನಾರು 2.4 ಗ್ರಾಂ, ಸೀಬೆಯಲ್ಲಿ 5.4 ಗ್ರಾಂ. ಪ್ರೋಟೀನ್ ಸೇಬಿನಲ್ಲಿ 0.3 ಗ್ರಾಂ, ಅಂದರೆ ಇಲ್ಲ ಅನ್ನುವಷ್ಟು. ಸೀಬೆಯಲ್ಲಿ 2.5 ಗ್ರಾಂ, ಹಣ್ಣಿನ ಲೆಕ್ಕಕ್ಕೆ ಇದು ತುಂಬಾ ಆಯಿತು. ಪೊಟ್ಯಾಸಿಯಂ 107 ಮಿಲಿಗ್ರಾಂ ಎದುರು 417. ಫೋಲೇಟ್ ಅನ್ನುವ ಬಿ ವಿಟಮಿನ್ 3 ಮೈಕ್ರೋಗ್ರಾಂ ಎದುರು 49. ಸಕ್ಕರೆ ಮಾತ್ರ ಸೇಬಿನಲ್ಲಿ ಕೊಂಚ ಜಾಸ್ತಿ, 10 ಗ್ರಾಂ ಚಿಲ್ಲರೆ. ಸೀಬೆಯಲ್ಲಿ 9ರ ಹತ್ತಿರ. ಕ್ಯಾಲೊರಿ ಸೇಬಿಗೆ 52, ಸೀಬೆಗೆ 68.

ವಿಟಮಿನ್ ಸಿ ಇಲ್ಲಿ ಹೇಳಿಲ್ಲ. ಅದಕ್ಕೆ ಬೇರೆಯದೇ ಪ್ರಶ್ನೆ ಬೇಕು.

ವಿಟಮಿನ್ ಸಿ ವಿಷಯದಲ್ಲಿ ವ್ಯತ್ಯಾಸ ಅಷ್ಟೊಂದು ದೊಡ್ಡದಾ?

ಸೇಬಿನಲ್ಲಿ 4.6 ಮಿಲಿಗ್ರಾಂ. ಸೀಬೆಯಲ್ಲಿ 228. ಸುಮಾರು 50 ಪಟ್ಟು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ನಮ್ಮ ದೇಶದ ಹಣ್ಣುಗಳನ್ನೇ ಪರೀಕ್ಷೆ ಮಾಡಿ 2017ರಲ್ಲಿ ಹೊರತಂದ ಪಟ್ಟಿಯಲ್ಲೂ ಸೀಬೆಯದು 200 ದಾಟುತ್ತದೆ.

ದೊಡ್ಡವರಿಗೆ ದಿನಕ್ಕೆ ಬೇಕಾದದ್ದು ಗಂಡಸರಿಗೆ 80 ಮಿಲಿಗ್ರಾಂ, ಹೆಂಗಸರಿಗೆ 65. ಮೊನ್ನೆ ಅಡುಗೆಮನೆಯ ತಕ್ಕಡಿಯಲ್ಲಿ ಒಂದು ಸಾಧಾರಣ ಸೀಬೆ ಇಟ್ಟು ನೋಡಿದೆ. 130 ಗ್ರಾಂ ಬಂತು. ಅದನ್ನು ನಾಲ್ಕು ಹೋಳು ಮಾಡಿದರೆ ಒಂದೊಂದು ಹೋಳಿನಲ್ಲೂ 70 ಮಿಲಿಗ್ರಾಂ ಮೇಲೆ. ಅಂದರೆ ಒಂದು ಹೆಣ್ಣುಮಗಳ ಇಡೀ ದಿನದ ಪಾಲು ಒಂದೇ ಹೋಳಿನಲ್ಲಿ ಮುಗಿಯಿತು. ಅಷ್ಟನ್ನೇ ಸೇಬಿನಿಂದ ಪಡೆಯಬೇಕೆಂದರೆ ಒಂದೂವರೆ ಕಿಲೋ ಹತ್ತಿರ ತಿನ್ನಬೇಕಾಗುತ್ತದೆ. ಕಿತ್ತಳೆ, ನಿಂಬೆ ಅಂದರೆ ವಿಟಮಿನ್ ಸಿ ಅಂತ ಎಲ್ಲರಿಗೂ ಬಾಯಿಪಾಠ. ಅವುಗಳಲ್ಲಿ ಇರುವುದು 50 ಮಿಲಿಗ್ರಾಂ ಆಸುಪಾಸು. ಸೀಬೆ ಅದರ ನಾಲ್ಕು ಪಟ್ಟು.

ಒಂದು ಮಾತು ನೆನಪಿಡಿ. ಈ ವಿಟಮಿನ್ ಸೀಬೆಯ ಸಿಪ್ಪೆಯಲ್ಲಿ ಮತ್ತು ಸಿಪ್ಪೆಗೆ ಅಂಟಿಕೊಂಡ ತಿರುಳಿನಲ್ಲಿ ಜಾಸ್ತಿ. ನಡುವಿನ ಬೀಜದ ಭಾಗದಲ್ಲಿ ಕಡಿಮೆ. ಸಿಪ್ಪೆ ಹೆರೆದು ತಿನ್ನುವವರು ಒಳ್ಳೆಯದನ್ನೇ ಬಿಸಾಡಿದ ಹಾಗೆ. ಹಾಗೆಯೇ ದೋರೆಗಾಯಿ ಹದ ದಾಟಿ ಆಗತಾನೇ ಹಣ್ಣಾದ, ಕಚ್ಚಿದರೆ ಕಟಕ್ ಅನ್ನುವ ಸೀಬೆಯಲ್ಲಿ ಅದು ತುಂಬಿರುತ್ತದೆ. ಕೈಯಲ್ಲಿ ಹಿಡಿದರೆ ಒತ್ತಿಹೋಗುವಷ್ಟು ಮೆತ್ತಗಾದ ಮೇಲೆ ಇಳಿಯುತ್ತಾ ಹೋಗುತ್ತದೆ.

ಸೇಬು ಹೆಚ್ಚಿಟ್ಟರೆ ಕಂದು ಆಗುತ್ತಲ್ಲ, ಅದು ಕಬ್ಬಿಣದ ಅಂಶ ಅಲ್ವಾ? ರಕ್ತ ಕಡಿಮೆ ಇದ್ದವರಿಗೆ ಸೇಬು ಕೊಡಬೇಕಲ್ಲವೇ?

ಈ ಪ್ರಶ್ನೆ ಬರದ ಸಭೆಯೇ ಇಲ್ಲ. ನಾನು ಅತಿ ಹೆಚ್ಚು ಸಮಯ ಕೊಡುವುದೂ ಇದಕ್ಕೇ.

ಆ ಕಂದು ಬಣ್ಣಕ್ಕೂ ಕಬ್ಬಿಣಕ್ಕೂ ಸಂಬಂಧವಿಲ್ಲ. ಸೇಬನ್ನು ಹೆಚ್ಚಿದಾಗ ಒಳಗಿನ ಜೀವಕೋಶಗಳು ಒಡೆಯುತ್ತವೆ. ಅದುವರೆಗೆ ಬೇರೆ ಬೇರೆ ಇದ್ದ ಪಾಲಿಫಿನಾಲ್ ಅನ್ನುವ ವಸ್ತುವೂ ಒಂದು ಕಿಣ್ವವೂ ಗಾಳಿಯಲ್ಲಿ ಒಂದಾಗಿ ಬಣ್ಣ ತಿರುಗುತ್ತದೆ. ಬದನೆಕಾಯಿ, ಬಾಳೆಕಾಯಿ ಹೆಚ್ಚಿಟ್ಟರೆ ಕಪ್ಪಾಗುವುದೂ ಹೀಗೆಯೇ. ಬದನೆಕಾಯಿಯನ್ನು ನಾವು ನೀರಿಗೆ ಹಾಕುತ್ತೇವಲ್ಲ, ಸೇಬಿನ ಹೋಳಿಗೂ ಉಪ್ಪುನೀರು ಅಥವಾ ಎರಡು ಹನಿ ನಿಂಬೆರಸ ಸವರಿದರೆ ಬಣ್ಣ ನಿಲ್ಲುತ್ತದೆ.

ಕಬ್ಬಿಣ ಎಷ್ಟಿದೆ ಅಂತ ನೋಡಿ. 100 ಗ್ರಾಂ ಸೇಬಿನಲ್ಲಿ 0.12 ಮಿಲಿಗ್ರಾಂ. ಹೆಂಗಸರಿಗೆ ದಿನಕ್ಕೆ ಬೇಕಾದದ್ದು 29 ಮಿಲಿಗ್ರಾಂ. ರಕ್ತ ಆಗಲಿ ಅಂತ ಬಸುರಿ ಮಗಳಿಗೆ ಸಾಲ ಮಾಡಿ ಸೇಬು ತಂದು ಕೊಡುವ ತಾಯಂದಿರನ್ನು ನೋಡಿದ್ದೇನೆ. ಅವರ ಪ್ರೀತಿ ದೊಡ್ಡದು. ಆದರೆ ಆ ದುಡ್ಡು ಕೆಲಸ ಮಾಡುತ್ತಿಲ್ಲ ಅನ್ನುವುದು ನನಗೆ ಸಂಕಟದ ವಿಷಯ.

ಸೀಬೆಯಲ್ಲಾದರೂ ಕಬ್ಬಿಣ ತುಂಬಿದೆಯೇ? ಇಲ್ಲ. ಅದರಲ್ಲೂ 0.26 ಮಿಲಿಗ್ರಾಂ ಅಷ್ಟೇ. ಆದರೆ ಸೀಬೆ ಮಾಡುವ ಉಪಕಾರ ಬೇರೆ. ರಾಗಿ, ಕಾಳು, ಸೊಪ್ಪಿನಲ್ಲಿರುವ ಕಬ್ಬಿಣವನ್ನು ನಮ್ಮ ಕರುಳು ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಬಹುಪಾಲು ಹಾಗೇ ಹೊರಗೆ ಹೋಗುತ್ತದೆ. ಅದೇ ಊಟದಲ್ಲಿ ವಿಟಮಿನ್ ಸಿ ಇದ್ದರೆ ಆ ಕಬ್ಬಿಣ ಕರುಳು ಹೀರಿಕೊಳ್ಳುವ ರೂಪಕ್ಕೆ ತಿರುಗುತ್ತದೆ. ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಇದನ್ನು ಹದಿಹರೆಯದವರ ಮೇಲೆ ಪರೀಕ್ಷೆ ಮಾಡಿದ್ದಾರೆ. ಅನ್ನದ ಊಟದ ಜೊತೆ ಸೀಬೆ ಕೊಟ್ಟಾಗ ಮೈಗೆ ಸೇರಿದ ಕಬ್ಬಿಣ ಎರಡು ಪಟ್ಟಿಗೂ ಜಾಸ್ತಿಯಾಯಿತು. ಈ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಅದೇ ಅನ್ನ, ಅದೇ ಸಾರು. ಜೊತೆಗೆ ಒಂದು ಸೀಬೆ, ಅಷ್ಟೇ.

ಇದು ಯಾಕೆ ಇಷ್ಟು ಮುಖ್ಯ ಅಂದರೆ, 2019-21ರಲ್ಲಿ ನಡೆದ ದೇಶದ ಐದನೇ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇತ್ತು. ನಮ್ಮ ರಾಜ್ಯದಲ್ಲೂ ಹತ್ತಿರ ಹತ್ತಿರ ಅರ್ಧದಷ್ಟು ಹೆಂಗಸರಿಗೆ ಇತ್ತು. ಆದ್ದರಿಂದ ನನ್ನ ಮಾತು ಇಷ್ಟೇ: ಮುದ್ದೆ-ಸೊಪ್ಪಿನ ಸಾರು ಉಣ್ಣುವಾಗ ತಟ್ಟೆಯ ಪಕ್ಕದಲ್ಲೇ ಎರಡು ಹೋಳು ಸೀಬೆ ಇರಲಿ. ಊಟ ಆದ ತಕ್ಷಣ ಕಾಫಿ, ಟೀ ಬೇಡ. ಅವು ಕಬ್ಬಿಣವನ್ನು ತಡೆಯುತ್ತವೆ. ಒಂದು ಗಂಟೆಯಾದರೂ ಬಿಡಿ. ಡಾಕ್ಟರು ಕೊಟ್ಟ ಕಬ್ಬಿಣದ ಮಾತ್ರೆಯನ್ನು ಮಾತ್ರ ಸೀಬೆ ತಿಂದೆ ಅಂತ ಬಿಡಬೇಡಿ.

ಮಲಬದ್ಧತೆಗೆ ಯಾವುದು ಒಳ್ಳೆಯದು? ಸೀಬೆ ಬೀಜ ಹೊಟ್ಟೆ ಕಟ್ಟುತ್ತದೆ ಅನ್ನುತ್ತಾರೆ.

ನಾರು ಜಾಸ್ತಿ ಇರುವುದು ಸೀಬೆಯಲ್ಲಿ. ಬೀಜದಲ್ಲಿರುವುದೂ ಬಹುಪಾಲು ನಾರೇ. ದಿನಕ್ಕೆ ಒಂದೆರಡು ಹಣ್ಣು ತಿಂದು, ಸಾಕಷ್ಟು ನೀರು ಕುಡಿಯುವವರಿಗೆ ಹೊಟ್ಟೆ ಸಲೀಸಾಗುತ್ತದೆ. ಕಟ್ಟುವುದು ಎರಡು ಸಂದರ್ಭದಲ್ಲಿ. ಒಂದು, ಒಗರು ಹೋಗದ ಎಳೆಕಾಯಿ ತಿಂದಾಗ. ಎರಡು, ಮರದಡಿ ಕೂತು ಹತ್ತು ಹದಿನೈದು ಹಣ್ಣು ಒಂದೇ ಸಲ ತಿಂದು ನೀರು ಕುಡಿಯದೆ ಇದ್ದಾಗ. ಮಕ್ಕಳು ಹೀಗೆ ಮಾಡುವುದುಂಟು. ಬೀಜ ಒಳಗೆ ಗಂಟಾಗಿ ನಿಂತು ಆಸ್ಪತ್ರೆಗೆ ಓಡಬೇಕಾಗಿ ಬಂದ ಪ್ರಸಂಗಗಳೂ ಇವೆ.

ಸೇಬಿನ ನಾರು ಕಡಿಮೆ, ಆದರೆ ಗುಣ ಬೇರೆ. ಅದರಲ್ಲಿ ಪೆಕ್ಟಿನ್ ಅನ್ನುವ, ನೀರಿನಲ್ಲಿ ಕರಗಿ ಲೋಳೆಯಾಗುವ ನಾರು ಇದೆ. ಮೂಲವ್ಯಾಧಿ, ವಯಸ್ಸಾದವರ ನಾಜೂಕಾದ ಹೊಟ್ಟೆ ಇಂಥವಕ್ಕೆ ಅದು ಮೃದು. ಆದರೆ ಸೇಬಿನ ಸಿಪ್ಪೆ ತೆಗೆದರೆ ನಾರು ಅರ್ಧಕ್ಕೆ ಇಳಿಯುತ್ತದೆ.

ಸಕ್ಕರೆ ಕಾಯಿಲೆ ಇದೆ. ಯಾವುದನ್ನು ತಿನ್ನಬಹುದು?

ಎರಡನ್ನೂ ತಿನ್ನಬಹುದು. ಎರಡೂ ರಕ್ತದ ಸಕ್ಕರೆಯನ್ನು ದಿಢೀರನೆ ಏರಿಸುವುದಿಲ್ಲ. ನಾರು ಜಾಸ್ತಿ, ಸಕ್ಕರೆ ಕೊಂಚ ಕಡಿಮೆ ಇರುವುದರಿಂದ ನಾನು ಸೀಬೆ ಅನ್ನುತ್ತೇನೆ. ಗಟ್ಟಿಯಾದ ಹಣ್ಣು ಆರಿಸಿಕೊಳ್ಳಿ. ಒಂದು ಹೊತ್ತಿಗೆ ಒಂದೇ. ಹೊಟ್ಟೆ ತುಂಬಾ ಅನ್ನ ಉಂಡು ಅದರ ಮೇಲೆ ಹಣ್ಣು ತಿನ್ನುವುದಕ್ಕಿಂತ, ಅನ್ನ ಒಂದು ಹಿಡಿ ಕಡಿಮೆ ಮಾಡಿ ಹಣ್ಣಿಗೆ ಜಾಗ ಬಿಡಿ. ಜ್ಯೂಸ್ ಮಾತ್ರ ಎರಡರದ್ದೂ ಬೇಡ. ಎಷ್ಟು ತಿಂದರೆ ನಿಮಗೆ ಎಷ್ಟು ಏರುತ್ತದೆ ಅನ್ನುವುದು ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ ಎರಡು ಗಂಟೆ ಬಿಟ್ಟು ನೋಡಿದಾಗ ಗೊತ್ತಾಗುತ್ತದೆ.

ತೂಕ ಇಳಿಸಬೇಕು. ಸೀಬೆಯಲ್ಲಿ ಕ್ಯಾಲೊರಿ ಜಾಸ್ತಿ ಅಂದಿರಿ?

16 ಕ್ಯಾಲೊರಿ ವ್ಯತ್ಯಾಸ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಸಂಜೆ ಬೋಂಡ ತಿನ್ನುವ ಹೊತ್ತಿಗೆ ಇವೆರಡರಲ್ಲಿ ಯಾವುದನ್ನು ತಿಂದರೂ ಲಾಭವೇ.

ಹಾಗಾದರೆ ಸೀಬೆ ತಿನ್ನಬಾರದವರು ಯಾರೂ ಇಲ್ಲವೇ?

ಇದ್ದಾರೆ. ಮೂತ್ರಪಿಂಡದ ತೊಂದರೆ ಇರುವವರು, ಅದರಲ್ಲೂ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿರುವವರು ಹುಷಾರಾಗಿರಬೇಕು. ಆರೋಗ್ಯವಂತರಿಗೆ ಒಳ್ಳೆಯದಾದ ಪೊಟ್ಯಾಸಿಯಂ ಅವರ ಮೈಯಿಂದ ಸರಿಯಾಗಿ ಹೊರಹೋಗುವುದಿಲ್ಲ. ರಕ್ತದಲ್ಲಿ ಅದು ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಸೀಬೆಯಲ್ಲಿ ಸೇಬಿನ ನಾಲ್ಕು ಪಟ್ಟು ಪೊಟ್ಯಾಸಿಯಂ ಇದೆ. ಇಂಥವರಿಗೆ ಸೇಬೇ ಸರಿಯಾದ ಹಣ್ಣು. ಎಷ್ಟು ಅನ್ನುವುದನ್ನು ಡಾಕ್ಟರನ್ನು ಕೇಳಿ. ಸೀಬೆ ಒಳ್ಳೆಯದು ಅಂತ ನನ್ನ ಮಾತು ಕೇಳಿ ಹೋದವರು ಮನೆಯಲ್ಲಿ ಇಂಥ ಹಿರಿಯರಿಗೆ ಅದನ್ನೇ ಕೊಟ್ಟುಬಿಟ್ಟಾರು ಅನ್ನುವ ಭಯ ನನಗಿದೆ. ಅದಕ್ಕೇ ಪ್ರತಿ ಸಭೆಯಲ್ಲೂ ಇದನ್ನು ಎರಡು ಸಲ ಹೇಳುತ್ತೇನೆ.

ರಕ್ತದೊತ್ತಡ ಇದ್ದು ಮೂತ್ರಪಿಂಡ ಚೆನ್ನಾಗಿರುವವರಿಗೆ ಇದೇ ಪೊಟ್ಯಾಸಿಯಂ ಉಪಕಾರಿ. ಆದರೆ ಕೆಲವು ಬಿಪಿ ಮಾತ್ರೆಗಳು ಪೊಟ್ಯಾಸಿಯಂ ಏರಿಸುತ್ತವೆ. ದಿನಾ ಸೀಬೆ ತಿನ್ನುವವರು ಒಂದು ಮಾತು ಕೇಳಿಕೊಳ್ಳುವುದು ಒಳ್ಳೆಯದು.

ಜ್ವರ ಬಂದವರಿಗೆ, ಆಸ್ಪತ್ರೆಯಲ್ಲಿರುವವರಿಗೆ ಎಲ್ಲರೂ ಸೇಬೇ ಯಾಕೆ ಒಯ್ಯುತ್ತಾರೆ?

ಕಾಯಿಲೆಯವರನ್ನು ನೋಡಲು ಹೋಗುವಾಗ ಕೈಯಲ್ಲಿ ಒಂದು ಕವರ್ ಸೇಬು. ನಮ್ಮಲ್ಲಿ ಇದು ಮರ್ಯಾದೆಯ ಪ್ರಶ್ನೆ. ಮೊದಲಿಗೆ ಸೇಬು ಅಪರೂಪ, ದುಬಾರಿ. ಹಿಮಾಚಲದ ಕೋಟ್‌ಗಢದಲ್ಲಿ, ಅಲ್ಲೇ ನೆಲೆಸಿದ್ದ ಅಮೆರಿಕದವರಾದ ಸತ್ಯಾನಂದ ಸ್ಟೋಕ್ಸ್ ತಮ್ಮ ದೇಶದಿಂದ ತರಿಸಿದ ಸೇಬಿನ ಸಸಿ ನೆಟ್ಟದ್ದು 1916ರಲ್ಲಿ. ಅಲ್ಲಿಂದ ಕೆಂಪು ಸೇಬು ಆ ಬೆಟ್ಟಗಳಲ್ಲಿ ಹರಡಿತು. ದಕ್ಷಿಣಕ್ಕೆ ಬರುವಷ್ಟರಲ್ಲಿ ಅದು ಉಳ್ಳವರ ಹಣ್ಣು. ನಾನು ಚಿಕ್ಕವಳಿದ್ದಾಗ ಜ್ವರ ಬಂದರೆ ಮಾತ್ರ ಮನೆಗೆ ಒಂದು ಸೇಬು ಬರುತ್ತಿತ್ತು. ಅಮ್ಮ ಅದನ್ನು ಕಾಗದದಷ್ಟು ತೆಳ್ಳಗೆ ಹೆಚ್ಚಿ ಸ್ಟೀಲ್ ತಟ್ಟೆಯ ಸುತ್ತ ಜೋಡಿಸಿ ತರುತ್ತಿದ್ದರು. ಬಾಗಿಲ ಸಂದಿಯಲ್ಲಿ ತಮ್ಮ ಇಣುಕುತ್ತಿದ್ದ. ಅವನಿಗೂ ಎರಡು ಹೋಳು ಹೋಗುತ್ತಿತ್ತು.

ಇದರಲ್ಲಿ ಬರೀ ಮರ್ಯಾದೆಯೇ ಇಲ್ಲ, ತಿಳಿವಳಿಕೆಯೂ ಇದೆ. ಬೀಜದ ಕಾಟವಿಲ್ಲ, ಒಗರಿಲ್ಲ, ವಾಸನೆ ಹಗುರ. ನಾಲಿಗೆ ಕೆಟ್ಟವರೂ ತಿನ್ನಬಲ್ಲರು. ಭೇದಿಯಾಗಿ ಸುಸ್ತಾದವರಿಗೆ ಸಿಪ್ಪೆ ತೆಗೆದು ಬೇಯಿಸಿ ಮಸೆದ ಸೇಬು ಹಿಡಿಸುತ್ತದೆ. ಆಗ ಸೀಬೆ ಬೀಜ, ಒರಟು ನಾರು ಬೇಡ. ಬಾಯಿರುಚಿ ಬಂದು, ಹೊಟ್ಟೆ ನೆಟ್ಟಗಾದ ಮೇಲೆ ಸೀಬೆ ಶುರು ಮಾಡಿ. ಚೇತರಿಸಿಕೊಳ್ಳುವ ಮೈಗೆ ವಿಟಮಿನ್ ಸಿ ಬೇಕಲ್ಲ.

ಸೀಬೆ ತಿಂದರೆ ನೆಗಡಿ, ಕೆಮ್ಮು ಬರುತ್ತದೆಯೇ?

ನೆಗಡಿ ಬರುವುದು ವೈರಸ್‌ನಿಂದ. ಸೀಬೆಯಿಂದಲ್ಲ. ಸೀಬೆ ಸುಗ್ಗಿ ಮಳೆಗಾಲ ಮತ್ತು ಚಳಿಗಾಲಕ್ಕೆ ಬೀಳುತ್ತದೆ. ನೆಗಡಿಯ ಸುಗ್ಗಿಯೂ ಆಗಲೇ. ಎರಡೂ ಒಟ್ಟಿಗೆ ಬಂದದ್ದರಿಂದ ಅಜ್ಜಿಯಂದಿರು ಗಂಟು ಹಾಕಿದರು. ಗಂಟಲು ಕೆರೆಯುತ್ತಿರುವಾಗ ಒಗರು ಕಾಯಿ, ಅದರ ಮೇಲೆ ಖಾರದ ಪುಡಿ ಹಿತವಾಗುವುದಿಲ್ಲ, ಅದು ನಿಜ. ಆಗ ಹಣ್ಣಾದದ್ದನ್ನು ಸುಮ್ನೆ ಹಾಗೇ ತಿನ್ನಿ.

ಬೀಜದಿಂದ ಅಪೆಂಡಿಸೈಟಿಸ್, ಕಿಡ್ನಿ ಕಲ್ಲು ಆಗುವುದು ನಿಜವೇ?

ತಿಂದ ಬೀಜ ಮೂತ್ರಪಿಂಡಕ್ಕೆ ಹೋಗುವ ದಾರಿಯೇ ಇಲ್ಲ. ಅದು ಕರುಳಿನಲ್ಲಿ ಸಾಗಿ ಮಲದಲ್ಲಿ ಹೋಗುತ್ತದೆ. ಕಲ್ಲಾಗುವುದು ಹೆಚ್ಚಾಗಿ ನೀರು ಕಡಿಮೆ ಕುಡಿದು, ಮೂತ್ರದಲ್ಲಿ ಕ್ಯಾಲ್ಸಿಯಂ, ಆಕ್ಸಲೇಟ್ ಹರಳುಗಟ್ಟುವುದರಿಂದ. ಅಪೆಂಡಿಕ್ಸ್‌ನಲ್ಲಿ ಹಣ್ಣಿನ ಬೀಜ ಸಿಕ್ಕಿಕೊಳ್ಳುವುದು ತೀರಾ ಅಪರೂಪ. ಅದಕ್ಕೆ ಹೆದರಿ ಸೀಬೆ ಬಿಡಬೇಕಾಗಿಲ್ಲ.

ಮಕ್ಕಳಿಗೆ ಯಾವಾಗ, ಹೇಗೆ ಕೊಡಬೇಕು?

ಆರು ತಿಂಗಳು ತುಂಬಿ ಮೇಲಿನ ಆಹಾರ ಶುರು ಮಾಡುವಾಗ ಸೇಬು ಅನುಕೂಲ. ಸಿಪ್ಪೆ, ಬೀಜ ತೆಗೆದು ಇಡ್ಲಿ ಪಾತ್ರೆಯಲ್ಲಿ ಬೇಯಿಸಿ ಚಮಚದಲ್ಲಿ ಮಸೆದು ಕೊಡಿ. ಹಸಿ ಸೇಬಿನ ಗಟ್ಟಿ ತುಂಡು ಚಿಕ್ಕ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ನಾಲ್ಕು ವರ್ಷ ಆಗುವ ತನಕ ತುರಿದು ಅಥವಾ ತೆಳ್ಳಗೆ ಹೆಚ್ಚಿ ಕೊಡಬೇಕು. ಅದೂ ಕೂತು ತಿನ್ನುವಾಗ, ಓಡಾಡುವಾಗ ಅಲ್ಲ. ಸೀಬೆಯಾದರೆ ಚೆನ್ನಾಗಿ ಹಣ್ಣಾದದ್ದನ್ನು ಮಸೆದು ಜರಡಿಯಲ್ಲಿ ಸೋಸಿ, ಬೀಜ ಬಿಟ್ಟು ತಿರುಳು ಕೊಡಿ.

ಶಾಲೆಗೆ ಹೋಗುವ ಮಕ್ಕಳ ಡಬ್ಬಿಗೆ ಮಾತ್ರ ನನ್ನ ವೋಟು ಸೀಬೆಗೇ. ಬೆಳಗ್ಗೆ ಹೆಚ್ಚಿಟ್ಟ ಸೇಬು ಹನ್ನೊಂದು ಗಂಟೆಗೆ ಕಂದಾಗಿ ಮೆತ್ತಗಾಗಿರುತ್ತದೆ, ಮಕ್ಕಳು ವಾಪಸ್ ತರುತ್ತಾರೆ. ಸೀಬೆ ಹೋಳು ಅಷ್ಟು ಬೇಗ ಬಣ್ಣ ಕೆಡುವುದಿಲ್ಲ.

ಕೆಂಪು ಸೀಬೆ ಒಳ್ಳೆಯದೋ ಬಿಳಿಯದೋ?

ವಿಟಮಿನ್ ಸಿ ಎರಡರಲ್ಲೂ ಭರ್ತಿ. ಕೆಂಪು ತಿರುಳಿನದರಲ್ಲಿ ಇನ್ನೊಂದು ಇದೆ, ಲೈಕೋಪೀನ್. ಟೊಮೆಟೊಗೆ ಕೆಂಪು ಬಣ್ಣ ಕೊಡುವುದೂ ಇದೇ. ಕೆಂಪು ಸೀಬೆಯಲ್ಲಿ ಇದು 5 ಮಿಲಿಗ್ರಾಂ ಆಸುಪಾಸು, ಹಸಿ ಟೊಮೆಟೊದ ಸುಮಾರು ಎರಡು ಪಟ್ಟು. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ತಂದ ಅರ್ಕಾ ಕಿರಣ್ ತಳಿಯಲ್ಲಿ 7 ಮಿಲಿಗ್ರಾಂ ತನಕ ಇದೆ. ಸೇಬಿನಲ್ಲಿ ಲೈಕೋಪೀನ್ ಲೆಕ್ಕಕ್ಕೇ ಇಲ್ಲ. ಸೇಬಿನ ಕೆಂಪು ಬೇರೆ ಜಾತಿಯ ಬಣ್ಣ, ಅದೂ ಸಿಪ್ಪೆಯಲ್ಲಿ ಮಾತ್ರ.

"ದಿನಕ್ಕೊಂದು ಸೇಬು ತಿಂದರೆ ಡಾಕ್ಟರ್ ಬೇಡ" ಅನ್ನುವುದು ಸುಳ್ಳೇ?

ಅದು ಬ್ರಿಟನ್ನಿನ ವೇಲ್ಸ್ ಕಡೆಯ ಗಾದೆ. 1866ರಲ್ಲಿ ಅಚ್ಚಾದದ್ದು ಸಿಗುತ್ತದೆ. ಆ ಚಳಿ ನಾಡಿನಲ್ಲಿ ವರ್ಷದ ಬಹುಕಾಲ ಇಟ್ಟು ತಿನ್ನಬಹುದಾದ ಹಣ್ಣು ಸೇಬು. ಅವರು ತಮ್ಮ ಹಿತ್ತಲ ಹಣ್ಣನ್ನು ಹೊಗಳಿದರು, ಅದು ಸರಿಯೇ. ಗಾದೆಯನ್ನು ಪರೀಕ್ಷೆಗೂ ಒಡ್ಡಿದ್ದಾರೆ. ಅಮೆರಿಕದಲ್ಲಿ 8,000ಕ್ಕೂ ಹೆಚ್ಚು ದೊಡ್ಡವರ ಮಾಹಿತಿ ನೋಡಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಾ ಸೇಬು ತಿನ್ನುವವರು ಡಾಕ್ಟರ ಬಳಿ ಹೋಗುವುದೇನೂ ಕಡಿಮೆಯಾಗಿರಲಿಲ್ಲ. ಚೀಟಿ ಬರೆಸಿ ತರುವ ಔಷಧಿ ಮಾತ್ರ ಸ್ವಲ್ಪ ಕಡಿಮೆ ಇತ್ತು.

ಸೇಬನ್ನು ತೆಗೆದುಹಾಕಲು ನಾನು ಇದನ್ನು ಹೇಳುತ್ತಿಲ್ಲ. ಅದರ ಸಿಪ್ಪೆಯಲ್ಲಿ ಕ್ವರ್ಸೆಟಿನ್‌ನಂಥ ಪಾಲಿಫಿನಾಲ್‌ಗಳು ಚೆನ್ನಾಗಿವೆ. ಪೆಕ್ಟಿನ್ ಕೊಲೆಸ್ಟರಾಲ್ ತಗ್ಗಿಸಲು ಸಹಾಯ ಮಾಡುತ್ತದೆ. ವಿಟಮಿನ್ ಪಟ್ಟಿಯಲ್ಲಿ ಇವು ಕಾಣುವುದಿಲ್ಲ, ಅಷ್ಟೇ. ಹಾಗಾಗಿ ಸೇಬನ್ನೂ ಸಿಪ್ಪೆ ಸಮೇತ ತಿನ್ನಿ.

ಸಿಪ್ಪೆ ಸಮೇತ ಅಂದರೆ, ಅದರ ಮೇಲಿನ ಮೇಣ?

ಸೇಬಿಗೆ ಹುಟ್ಟಾ ಒಂದು ತೆಳು ಮೇಣ ಇರುತ್ತದೆ. ತೊಳೆಯುವಾಗ ಅದು ಹೋಗುವುದರಿಂದ, ನೀರಿನಂಶ ಆರಬಾರದೆಂದು ಮೇಲೆ ಮತ್ತೆ ಸವರುತ್ತಾರೆ. ಜೇನುಮೇಣ, ಕಾರ್ನೌಬಾ ಎಂಬ ತಾಳೆಯ ಎಲೆಯ ಮೇಣ, ಅರಗಿನಿಂದ ಮಾಡಿದ ಶೆಲ್ಯಾಕ್ ಇವಕ್ಕೆ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ಒಪ್ಪಿಗೆ ಇದೆ. ಇವು ಹೊಟ್ಟೆಯಲ್ಲಿ ಜೀರ್ಣವಾಗದೆ ಹೊರಹೋಗುತ್ತವೆ. ಉಗುರುಬೆಚ್ಚಗಿನ ನೀರಿನಲ್ಲಿ ಉಜ್ಜಿ ತೊಳೆದು ಒರಟು ಬಟ್ಟೆಯಲ್ಲಿ ಒರೆಸಿ. ಚಾಕು ಆಡಿಸಿದರೆ ದಪ್ಪಗೆ ಬಿಳಿ ಪದರ ಎದ್ದು ಬಂದರೆ ಆ ಹಣ್ಣಿನ ಸಿಪ್ಪೆ ಹೆರೆದುಬಿಡಿ. ಸೀಬೆಯನ್ನೂ ತೊಳೆಯದೆ ತಿನ್ನಬೇಡಿ. ಮೇಣ ಇಲ್ಲದಿದ್ದರೂ ಔಷಧಿ ಸಿಂಪಡಿಸಿರುತ್ತಾರೆ.

ಏಪ್ರಿಲ್‌ನಲ್ಲೂ ಸೇಬು ಸಿಗುತ್ತದಲ್ಲ, ಅದು ತಾಜಾ ಹಣ್ಣೇ?

ಕಾಶ್ಮೀರ, ಹಿಮಾಚಲದ ಕೊಯ್ಲು ಹೆಚ್ಚಾಗಿ ಆಗಸ್ಟ್‌ನಿಂದ ಅಕ್ಟೋಬರ್ ತನಕ. ಆಮೇಲೆ ಸಿಗುವುದು ತಣ್ಣನೆಯ ಕೋಣೆಯಲ್ಲಿ, ಆಮ್ಲಜನಕ ತಗ್ಗಿಸಿ ತಿಂಗಳುಗಟ್ಟಲೆ ಇಟ್ಟ ಹಣ್ಣು, ಇಲ್ಲವೇ ಹೊರದೇಶದ್ದು. ಹಾಳಾದ ಹಣ್ಣೇನೂ ಅಲ್ಲ. ಮೊದಲೇ ಕಡಿಮೆ ಇದ್ದ ವಿಟಮಿನ್ ಸಿ ಇನ್ನಷ್ಟು ಇಳಿದಿರುತ್ತದೆ, ಕೆಲವು ಹಿಟ್ಟು ಹಿಟ್ಟಾಗಿರುತ್ತವೆ. ಸೀಬೆಯನ್ನು ಹೀಗೆ ಇಡಲು ಆಗುವುದಿಲ್ಲ. ಕಿತ್ತ ಮೂರು ನಾಲ್ಕು ದಿನದಲ್ಲಿ ಮೆತ್ತಗಾಗುತ್ತದೆ. ವ್ಯಾಪಾರಿಗೆ ಇದು ತಲೆನೋವು. ತಿನ್ನುವವರಿಗೆ ಮಾತ್ರ ಹೊಸ ಹಣ್ಣೇ ಸಿಗುತ್ತದೆ.

ಒಳ್ಳೆಯ ಸೀಬೆ ಆರಿಸುವುದು ಹೇಗೆ? ಮಳೆಗಾಲದಲ್ಲಿ ಒಳಗೆ ಹುಳು ಇರುತ್ತದೆ.

ಕಡುಹಸಿರು ಹೋಗಿ ತಿಳಿಹಸಿರು, ತುಸು ಹಳದಿ ಬಂದಿರಬೇಕು. ತೊಟ್ಟಿನ ಹತ್ತಿರ ಮೂಗು ಇಟ್ಟರೆ ಘಮ ಬರಬೇಕು. ಗಾತ್ರಕ್ಕಿಂತ ಕೈಗೆ ಭಾರ ಅನ್ನಿಸಬೇಕು. ಹುಳು ಬರುವುದು ಹಣ್ಣಿನ ನೊಣದಿಂದ. ಸಿಪ್ಪೆಗೆ ಸೂಜಿ ಚುಚ್ಚಿದ ಹಾಗೆ ತೂತು ಮಾಡಿ ಒಳಗೆ ಮೊಟ್ಟೆ ಇಡುತ್ತದೆ. ಚುಕ್ಕೆಯ ಸುತ್ತ ಮೆತ್ತಗಾಗಿ ನೀರುಗಟ್ಟಿದ್ದರೆ ಆ ಹಣ್ಣು ಬಿಡಿ. ನವೆಂಬರ್‌ನಿಂದ ಫೆಬ್ರವರಿವರೆಗಿನ ಚಳಿಗಾಲದ ಫಸಲಿನಲ್ಲಿ ಈ ಕಾಟ ಕಡಿಮೆ, ಸಿಹಿಯೂ ಜಾಸ್ತಿ.

ಗಿಣಿ, ಅಳಿಲು ಕಚ್ಚಿದ ಹಣ್ಣು ಬಹಳ ಸಿಹಿ ಅಂತ ನಾವೆಲ್ಲ ತಿಂದವರೇ. ಈಗ ಬೇಡ. ಕಚ್ಚಿದ್ದು ಗಿಣಿಯೋ ಬಾವಲಿಯೋ ಗೊತ್ತಾಗುವುದಿಲ್ಲ. 2018ರಲ್ಲಿ ಕೇರಳದ ಕೋಯಿಕ್ಕೋಡಿನಲ್ಲಿ ನಿಪಾ ಬಂದಾಗಿನಿಂದ, ಹಕ್ಕಿ-ಬಾವಲಿ ಕಚ್ಚಿದ ಹಣ್ಣು ತಿನ್ನಬೇಡಿ ಅಂತ ಆರೋಗ್ಯ ಇಲಾಖೆಗಳು ಹೇಳುತ್ತಲೇ ಇವೆ. ಕಚ್ಚಿದ ಜಾಗ ಕತ್ತರಿಸಿ ತಿಂದರಾಯಿತು ಅನ್ನಬೇಡಿ, ಹಣ್ಣನ್ನೇ ಬಿಡಿ.

ಜ್ಯೂಸ್, ಜಾಮ್, ಉಪ್ಪು-ಖಾರ ಹಾಕಿದ ತಳ್ಳುಗಾಡಿಯ ಸೀಬೆ?

ಜ್ಯೂಸ್ ಸೋಸಿದರೆ ನಾರು ಹೋಯಿತು. ಪೊಟ್ಟಣದ್ದಾದರೆ ಹಿಂದಿನ ಚೀಟಿಯಲ್ಲಿ ಸಕ್ಕರೆ ಎಷ್ಟನೇ ಹೆಸರು ಅಂತ ನೋಡಿ. ಜಾಮ್, ಜೆಲ್ಲಿ ಕುದಿಸುವಾಗ ವಿಟಮಿನ್ ಸಿ ಬಹಳಷ್ಟು ಹಾಳಾಗುತ್ತದೆ. ಅದಕ್ಕಿಂತ ದೋರೆಗಾಯಿ ಸೀಬೆಗೆ ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ಉಪ್ಪು ಹಾಕಿ ಹಸಿಯಾಗೇ ರುಬ್ಬಿದ ಚಟ್ನಿ ಮಾಡಿ, ಮೇಲೆ ಸಾಸಿವೆ ಒಗ್ಗರಣೆ ಕೊಡಿ. ರೊಟ್ಟಿಗೆ, ಮುದ್ದೆಗೆ ಬಹಳ ಚೆನ್ನಾಗಿರುತ್ತದೆ. ಮೊದಲು ಹೇಳಿದ ಕಬ್ಬಿಣದ ಲೆಕ್ಕಕ್ಕೂ ಇದು ಸರಿಯಾಗಿ ಹೊಂದುತ್ತದೆ.

ತಳ್ಳುಗಾಡಿಯಲ್ಲಿ ನಿಮ್ಮ ಎದುರಿಗೆ ತೊಳೆದು ಹೆಚ್ಚಿಸಿಕೊಳ್ಳಿ. ಬಿಪಿ ಇದ್ದವರು ಉಪ್ಪು ಬೇಡ ಅನ್ನಿ. ಬರೀ ಖಾರದ ಪುಡಿಯಲ್ಲೂ ರುಚಿ ಇದೆ.

ದುಡ್ಡಿನ ಲೆಕ್ಕದಲ್ಲಿ?

ನಮ್ಮ ಬೀದಿಯಲ್ಲಿ ಸುಗ್ಗಿಯಲ್ಲಿ ಸೀಬೆ ಕಿಲೋಗೆ ಅರವತ್ತಾದರೆ ಸೇಬು ನೂರೈವತ್ತರ ಮೇಲೆ. ಮನೆಯಲ್ಲಿ ನಾಲ್ಕು ಜನ ಇದ್ದು ಹಣ್ಣಿಗೆ ವಾರಕ್ಕೆ ನೂರೈವತ್ತು ರೂಪಾಯಿ ಮಾತ್ರ ಎತ್ತಿಡಲು ಆಗುವುದಾದರೆ, ಒಂದು ಕಿಲೋ ಸೇಬಿನ ಬದಲು ಎರಡೂವರೆ ಕಿಲೋ ಸೀಬೆ ಬರುತ್ತದೆ. ಅಂದರೆ ಒಬ್ಬೊಬ್ಬರಿಗೂ ದಿನಕ್ಕೆ ಸುಮಾರು 90 ಗ್ರಾಂ. ರಾಷ್ಟ್ರೀಯ ಪೋಷಣಾ ಸಂಸ್ಥೆ ದಿನಕ್ಕೆ 100 ಗ್ರಾಂ ಹಣ್ಣು ತಿನ್ನಿ ಅನ್ನುತ್ತದೆ, ಅದರ ಹತ್ತಿರ ಬಂದಿರಿ. ಸೇಬಾದರೆ ಒಬ್ಬರಿಗೆ ಎರಡು ತೆಳು ಹೋಳು. ಬಾಳೆ, ಪಪ್ಪಾಯಿ ನಡುನಡುವೆ ಬಂದರೆ ಇನ್ನೂ ಒಳ್ಳೆಯದು.

ಹಿತ್ತಲಲ್ಲಿ ಜಾಗ ಇದೆ. ಯಾವ ಸೀಬೆ ನೆಡಲಿ?

ಮನೆಯಲ್ಲಿ ಹಲ್ಲು ಹೋದ ಹಿರಿಯರಿದ್ದರೆ ಅರ್ಕಾ ಮೃದುಲಾ. ಇದೂ ಹೆಸರಘಟ್ಟದ್ದೇ, ಬಿಳಿ ತಿರುಳು, ಬೀಜ ಮೆತ್ತಗೆ. ಕೆಂಪು ಬೇಕಾದರೆ ಅರ್ಕಾ ಕಿರಣ್. ಹಳೆಯ ನಂಬಿಕೆಯ ಗಿಡ ಬೇಕೆಂದರೆ ಅಲಹಾಬಾದ್ ಸಫೇದ ಅಥವಾ ಲಕ್ನೋ 49. ಬೀಜದ ಸಸಿ ಬೇಡ, ಕಸಿ ಗಿಡ, ಇಲ್ಲವೇ ಮರದ ಮೇಲಿರುವಾಗಲೇ ರೆಂಬೆಗೆ ಬೇರು ಬರಿಸಿ ಕತ್ತರಿಸಿದ ಗೂಟಿ ಗಿಡ ತನ್ನಿ. ಎರಡು ಮೂರು ವರ್ಷಕ್ಕೆ ಫಲ ಬರುತ್ತದೆ. ದಿನಪೂರ್ತಿ ಬಿಸಿಲು ಬೀಳುವ, ನೀರು ನಿಲ್ಲದ ಜಾಗ ನೋಡಿ. ಸೀಬೆ ಹೂ ಬಿಡುವುದು ಹೊಸ ಚಿಗುರಿನಲ್ಲಿ. ಆದ್ದರಿಂದ ಫಸಲು ಮುಗಿದ ಮೇಲೆ ರೆಂಬೆಗಳ ತುದಿ ಸವರಿ. ಎತ್ತರಕ್ಕೆ ಬಿಡದೆ ಮಕ್ಕಳ ಕೈಗೆ ಎಟುಕುವ ಹಾಗೆ ಇಟ್ಟುಕೊಳ್ಳಿ. ಕಾಯಿ ನಿಂಬೆಗಾತ್ರ ಆದಾಗ ಒಂದೊಂದಕ್ಕೂ ಹಳೇ ನ್ಯೂಸ್‌ಪೇಪರಿನ ಚೀಲ ಕಟ್ಟಿ. ನೊಣವೂ ಬರುವುದಿಲ್ಲ, ಬಾವಲಿ, ಅಳಿಲಿನ ಕಾಟವೂ ತಗ್ಗುತ್ತದೆ. ಮಳೆಗೆ ಕಾಗದ ಹರಿದರೆ ಮತ್ತೊಂದು ಕಟ್ಟಬೇಕು, ಆ ಕೆಲಸ ಮಕ್ಕಳಿಗೆ ವಹಿಸಿ. ಚೀಲ ಬಿಚ್ಚಿದಾಗ ಒಂದು ಕಲೆಯೂ ಇಲ್ಲದ ತಿಳಿಹಳದಿ ಹಣ್ಣು ಕಂಡರೆ, ಸೇಬು ಕೊಡಿಸು ಅಂತ ಹಟ ಮಾಡುವ ಮಗುವೂ ಅದನ್ನು ಅಲ್ಲೇ ನಿಂತು ಕಚ್ಚುತ್ತದೆ.